ಅಕ್ಕನ ಬ್ರೇಕಿಲ್ಲದ ಸೈಕಲ್ಲು

ಆ ಮನೆಯಲ್ಲಿ ಅಕ್ಕನೂ ತಮ್ಮನೂ ಮಾತು ಬಿಟ್ಟು ಮೂವತ್ತೊಂದು ವರ್ಷವಾಗಿತ್ತು. ಹಾಗಂತ ಮನೆಯೇನೂ ಗಪ್‌ಚಿಪ್ಪಾಗಿರಲಿಲ್ಲ. ಮಹಡಿಯಲ್ಲಿ ಅಕ್ಕ, ಕೆಳಗೆ ತಮ್ಮ, ಇಬ್ಬರ ನಡುವೆ ಮೆಟ್ಟಿಲು ಹತ್ತುತ್ತ ಇಳಿಯುತ್ತ ತಮ್ಮನ ಹೆಂಡತಿ. ಊಟಕ್ಕೆ ಮೂವರೂ ಒಂದೇ ಮೇಜಿಗೆ ಕೂರುತ್ತಿದ್ದರು. ಆಗಲೂ ಅಷ್ಟೇ.

“ಉಪ್ಪಿನ ಡಬ್ಬಿ ಈ ಕಡೆ ತಳ್ಳೋಕೆ ಹೇಳು ನಿನ್ನ ಗಂಡನಿಗೆ.” ಡಬ್ಬಿ ಇರುತ್ತಿದ್ದದ್ದು ತಮ್ಮನ ಮೊಣಕೈ ಪಕ್ಕದಲ್ಲೇ.

“ರೀ, ಉಪ್ಪಂತೆ.”

“ಬಿ.ಪಿ. ಇದೆ, ಜಾಸ್ತಿ ಹಾಕ್ಕೋಬೇಡ ಅಂತ ಅಕ್ಕನಿಗೆ ಹೇಳು.”

“ಬಿ.ಪಿ. ಯಾರಿಂದ ಬಂತು ಅಂತ ಕೇಳು ಅವನನ್ನ.”

ಹೆಂಡತಿ ಎರಡೂ ಕಡೆ ಕತ್ತು ತಿರುಗಿಸಿ ತಿರುಗಿಸಿ, ಕೊನೆಗೆ ತಣ್ಣಗಾದ ತಟ್ಟೆಗೆ ಕೈ ಹಾಕುತ್ತಿದ್ದಳು. ಮದುವೆಯಾಗಿ ಬಂದ ಹೊಸತರಲ್ಲಿ ಇದು ಈ ಮನೆಯ ಪದ್ಧತಿಯೇ ಇರಬೇಕೆಂದುಕೊಂಡು ಒಂದು ವಾರ ತಾನೂ ಯಾರೊಂದಿಗೂ ನೇರವಾಗಿ ಮಾತಾಡಿರಲಿಲ್ಲ. ಇದರಲ್ಲಿ ಇನ್ನೊಂದು ತಮಾಷೆಯಿತ್ತು: ಅಕ್ಕ ನೌಕರಿ ಮಾಡಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಊರಿನವರ ಜಗಳ, ಸಂಬಂಧ, ಸಾವು, ಸರಸಗಳಿಗೆಲ್ಲ ತಂತಿ ಜೋಡಿಸಿಕೊಟ್ಟು ನಿವೃತ್ತಿಯಾದವಳು, ತನ್ನ ಮನೆಯ ಒಂದು ತಂತಿಯನ್ನು ಮಾತ್ರ ಕಿತ್ತೇ ಇಟ್ಟಿದ್ದಳು.

ಕಾರಣ ಒಂದು ಸೈಕಲ್ಲು.

ವಯಸ್ಸಿನಲ್ಲಿ ಅಕ್ಕ ಸೈಕಲ್ ಪಂದ್ಯದವಳು. ಕ್ರೀಡಾಂಗಣದ ಬಾಣಲೆಯಂಥ ಸಿಮೆಂಟ್ ಟ್ರ್ಯಾಕಿನಲ್ಲಿ ಎಂಟು ವರ್ಷ ಗಿರಗಿರನೆ ಸುತ್ತಿದ್ದಳು. ಆ ಸೈಕಲ್ಲನ್ನು ಟ್ರ್ಯಾಕಿನವರೆಗೂ ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಿದ್ದಳೇ ಹೊರತು ಬೀದಿಯಲ್ಲಿ ಬಿಟ್ಟವಳಲ್ಲ. ಮನೆಯಲ್ಲಿ ಯಾರಿಗೂ ಮುಟ್ಟಲು ಕೊಟ್ಟವಳೂ ಅಲ್ಲ. ಒಂದು ದಿನ ಕೆಲಸದಿಂದ ಬಂದು ನೋಡಿದರೆ ಗೋಡೆಯ ಗೂಟ ಖಾಲಿ. ಇಪ್ಪತ್ತು ವರ್ಷದ ತಮ್ಮ, “ಕಳ್ಳ ಬಂದಿದ್ದ,” ಎಂದ. ಅಕ್ಕ ಅವನ ಮುಖವನ್ನೇ ಒಂದು ನಿಮಿಷ ನೋಡಿದಳು. ಒಂದು ವಾರ ಕಾದಳು. ಆಮೇಲೆ ಬಾಯಿಗೆ ಬೀಗ.

ಕಳ್ಳ ಬಂದಿರಲಿಲ್ಲ. ತಮ್ಮನಿಗೆ ಹೊಲಿಗೆ ಮಿಶಿನ್ ರಿಪೇರಿ ಕಲಿಯುವ ಹುಚ್ಚು. ಬಿಚ್ಚಿ ಜೋಡಿಸಲು ಒಂದು ಮಿಶಿನ್ ಬೇಕಿತ್ತು. ಪರದೆ ಹೊಲಿಯುವ ಅಂಗಡಿಯವನೊಬ್ಬ ಕೆಟ್ಟುನಿಂತ ಮಿಶಿನ್ನೊಂದನ್ನು ಕೊಟ್ಟು ಅಕ್ಕನ ಸೈಕಲ್ ಇಟ್ಟುಕೊಂಡ. ಆ ಮಿಶಿನ್ನನ್ನು ನೂರು ಸಲ ಬಿಚ್ಚಿ ನೂರಾ ಒಂದು ಸಲ ಜೋಡಿಸಿಯೇ ತಮ್ಮ ಊರಿಗೆಲ್ಲ ಬೇಕಾದ ಮಿಶಿನ್ ರಿಪೇರಿಯವನಾದ. ಅದು ಈಗಲೂ ಮೆಟ್ಟಿಲ ಕೆಳಗೇ ಇತ್ತು. ಅಕ್ಕನ ಹರಿದ ಬಟ್ಟೆಗಳೂ ಹೆಂಡತಿಯ ಕೈಯಿಂದ ಅದರಲ್ಲೇ ಹೊಲಿಸಿಕೊಳ್ಳುತ್ತಿದ್ದವು. ಪ್ರತಿ ಸಲ ಅದು ಟಕಟಕ ಎಂದಾಗಲೂ ಅವನ ಎದೆಯೊಳಗೆ ಸೂಜಿ ಆಡುತ್ತಿತ್ತು. ಆ ಪರದೆ ಅಂಗಡಿಯ ಬೀದಿಯಲ್ಲಿ ಅವನು ಮತ್ತೆ ಕಾಲಿಟ್ಟಿರಲಿಲ್ಲ.

ಹೀಗೇ ಕಾಲ ಸಾಗಿಬಿಡುತ್ತಿತ್ತೇನೋ. ಆದರೆ ದೂರದೂರಿನ ಮಗಳಿಗೆ ಹೆರಿಗೆ ಹತ್ತಿರ ಬಂತು.

“ಒಂದನೇ ತಾರೀಕಿಗೆ ಹೊರಟೆ. ಮೂರು ತಿಂಗಳು ಈ ಕಡೆ ತಲೆ ಹಾಕಲ್ಲ,” ಎಂದಳು ಹೆಂಡತಿ, ಪೆಟ್ಟಿಗೆ ಒರೆಸುತ್ತ.

“ಮತ್ತೆ ನಾನು, ಅಕ್ಕ?”

“ಮೂವತ್ತು ವರ್ಷ ಅಲ್ಲದಿದ್ರೂ ಇಪ್ಪತ್ತಾರು ವರ್ಷ ಅಂಚೆ ಇಲಾಖೆ ನಡೆಸಿದೀನಿ ರೀ. ಇನ್ನು ರಜೆ. ಚೀಟಿ ಬರ್ಕೊಳ್ಳಿ.”

ಅಕ್ಕನಿಗೆ ಅರವತ್ತು. ಮೊನ್ನೆ ಬಚ್ಚಲಲ್ಲಿ ಜಾರಿದಾಗ ಕೂಡ, “ನಿನ್ನ ಗಂಡನ್ನ ಕರಿ,” ಎಂದು ಮಹಡಿಯಿಂದ ಕೂಗಿದ್ದು ಹೆಂಡತಿಗೆ. ನಾಳೆ ಕೂಗಲು ಇವಳೇ ಇರದಿದ್ದರೆ? ಅಕ್ಕ ಬಿದ್ದಲ್ಲೇ ಬಾಯಿ ಬಿಗಿಹಿಡಿದು ಮಲಗಿರುವವಳೇ ಹೊರತು ತನ್ನನ್ನು ಕರೆಯುವವಳಲ್ಲ. ತಮ್ಮನಿಗೆ ಊಟ ಸೇರಲಿಲ್ಲ. ತಿಂಗಳೊಳಗೆ ಅಕ್ಕನ ಬಾಯಲ್ಲಿ ತನಗೆಂದೇ ಒಂದು ಮಾತು ಹೊರಡಬೇಕು. ಬೈಗುಳವಾದರೂ ಸರಿ.

ಮರುದಿನ ಬೆಳಿಗ್ಗೆ ಅವನು ಮೂವತ್ತೊಂದು ವರ್ಷ ಬಿಟ್ಟಿದ್ದ ಬೀದಿಗೆ ಹೋದ.

ಅಂಗಡಿಯಲ್ಲಿ ಹಳಬ ತೀರಿಕೊಂಡು ಮಗ ಕೂತಿದ್ದ. ಸೈಕಲ್ ಹುಡುಕುವ ಕಷ್ಟವೇ ಬೀಳಲಿಲ್ಲ. ಚಾವಣಿಯಿಂದ ಎರಡು ಸರಪಳಿಯಲ್ಲಿ ಅಡ್ಡಕ್ಕೆ ತೂಗುತ್ತಿತ್ತು. ಮೈತುಂಬ ಗುಲಾಬಿ ಬಣ್ಣ, ಮೇಲಿನ ಕೊಳವೆಯ ಮೇಲೆ ಹೂವಿನ ಪರದೆಗಳು, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲಿಗೆ ಜರಿಯ ಕುಚ್ಚು.

“ಅದಾ ಸಾರ್? ನಮ್ಮಪ್ಪ ಯಾರೋ ಪೆದ್ದ ಹುಡುಗನಿಗೆ ಕೆಟ್ಟ ಮಿಶಿನ್ ದಾಟಿಸಿ ತಗೊಂಡಿದ್ದು. ಸಾಯೋವರೆಗೂ ಹೇಳ್ಕೊಂಡು ನಗ್ತಿದ್ರು.”

ಪೆದ್ದ ಹುಡುಗ ಕನ್ನಡಕ ಒರೆಸಿಕೊಂಡ. “ಆ ಹುಡುಗನಿಗೆ ಕೆಟ್ಟ ಮಿಶಿನ್ನೇ ಬೇಕಾಗಿತ್ತಪ್ಪ. ಈ ಸೈಕಲ್ ನನಗೆ ಕೊಡ್ತೀಯಾ?”

“ಅಪ್ಪನ ಮೊದಲನೇ ಮಿಶಿನ್ ಸಾರ್ ಅದು. ಆಮೇಲೆ ತುಂಬ ಪೇಚಾಡಿದ್ರು. ಎಲ್ಲಾದ್ರೂ ಸಿಕ್ಕಿದ್ರೆ ತಂದ್ಕೊಡಿ, ಸೈಕಲ್ ಇಳಿಸ್ಕೊಂಡು ಹೋಗಿ.”

ಸಂಜೆಯೊಳಗೆ ಮೆಟ್ಟಿಲ ಕೆಳಗಿನ ಜಾಗ ಖಾಲಿಯಾಯಿತು. ಒಪ್ಪಿಸುವ ಮುಂಚೆ ಅದರ ಚಕ್ರವನ್ನು ಕೈಯಲ್ಲಿ ಒಮ್ಮೆ ತಿರುಗಿಸಿ, ಒಂದು ತೊಟ್ಟು ಎಣ್ಣೆ ಬಿಟ್ಟು ಬಂದ.

ಹಿತ್ತಲ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಬ್ಲೇಡಿನಿಂದ ಗುಲಾಬಿ ಬಣ್ಣ ಕೆರೆದರೆ ಕೆಳಗೆ ಹಳದಿ. ಹಳದಿ ಕೆರೆದರೆ ಬಿಳಿ. ಪರದೆಯ ಬಣ್ಣಕ್ಕೆ ಹೊಂದುವಂತೆ ಅಂಗಡಿಯವರು ಬಳಿಯುತ್ತಲೇ ಹೋಗಿದ್ದರು. ಐದನೆಯ ದಿನ ಅಡಿಯಿಂದ ಕಡುನೀಲಿ ಇಣುಕಿತು, ಅದರ ಅಂಚಿಗೆ ಕೂದಲೆಳೆಯಷ್ಟು ತೆಳುವಾದ ಚಿನ್ನದ ಗೆರೆ. ಅವತ್ತು ಅವನು ಬ್ಲೇಡು ಕೆಳಗಿಟ್ಟು ಬೆರಳಿನ ಉಗುರಿನಿಂದಲೇ ಕೆರೆದ.

“ನಿನ್ನ ಗಂಡ ಹಿತ್ತಲಲ್ಲಿ ಏನು ಕೆರೀತಾ ಇದಾನೆ ಕೇಳು,” ಎಂದಳು ಅಕ್ಕ ಮಹಡಿಯಿಂದ.

“ತುಕ್ಕು ಅಂತೆ ಅತ್ತಿಗೆ.”

“ಅಷ್ಟು ಬೇಗ ಹೋಗೋ ತುಕ್ಕಲ್ಲ ಅದು.” ಕಿಟಕಿಯ ಪರದೆ ಸರಕ್ಕನೆ ಮುಚ್ಚಿತು. ಅಕ್ಕನ ಕೋಣೆಗೆ ಇದ್ದದ್ದು ಎರಡೇ ಕಿಟಕಿ. ಪರದೆಗಳು ಮಾತ್ರ ಎರಡು ಪೆಟ್ಟಿಗೆ ತುಂಬ. ವಯಸ್ಸಾದವರಿಗೆ ಒಂದೊಂದು ಖಯಾಲಿ ಎಂದು ಮನೆಯವರು ಸುಮ್ಮನಿದ್ದರು.

ಹೊಲಿಗೆ ಮಿಶಿನ್ನಿಗೆ ಏನೇನು ಉಪಚಾರವೋ ಅದೆಲ್ಲವೂ ಸೈಕಲ್ಲಿಗೂ ಆಯಿತು. ಬೇರಿಂಗಿನ ಗುಂಡುಗಳನ್ನು ಚಿಮಟದಿಂದ ಒಂದೊಂದಾಗಿ ಎತ್ತಿ ಬಾಬಿನ್ ಡಬ್ಬಿಯಲ್ಲಿ ನೆನೆಹಾಕಿದ. ಕಡ್ಡಿಗಳನ್ನು ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದ. ಹೊಸ ಟೈರುಗಳನ್ನು ರಿಮ್ಮಿಗೆ ಅಂಟು ಹಚ್ಚಿ ಕೂರಿಸಿದ. ಪೆಡಲಿಗೆ ಪಾದ ಬಿಗಿಯುವ ಹಳೆಯ ಚರ್ಮದ ಪಟ್ಟಿಗಳು ಒಣಗಿ ಚೂರಾಗಿದ್ದವು. ಹೊಸದನ್ನು ತಾನೇ ಎರಡೆರಡು ಸಾಲು ಹೊಲಿಗೆ ಹಾಕಿ ಮಾಡಿದ. ಆನೆ ಎಳೆದರೂ ಬಿಚ್ಚದಂಥ ಹೊಲಿಗೆ. ಬ್ರೇಕೇ ಇರಲಿಲ್ಲ. ಅಂಗಡಿಯವನು ಪರದೆಗೆ ಅಡ್ಡಿಯೆಂದು ಕಿತ್ತಿರಬೇಕು, ಆಮೇಲೆ ಹಾಕಿದರಾಯಿತು ಎಂದುಕೊಂಡ.

ಒಂದೇ ಒಂದು ದೋಷ ಉಳಿಯಿತು. ಪೆಡಲ್ ತುಳಿದರೆ ಚಕ್ರ ತಿರುಗುತ್ತಿತ್ತು, ಸರಿ. ಆದರೆ ಚಕ್ರ ತಿರುಗಿಸಿದರೂ ಪೆಡಲ್ ತಿರುಗುತ್ತಿತ್ತು! ಹಿಂದಕ್ಕೆ ತಿರುಗಿಸಿದರೆ ಅದೂ ಹಿಂದಕ್ಕೆ. ಎಲ್ಲ ಸೈಕಲ್ಲುಗಳಲ್ಲಿ ಕಾಲು ನಿಲ್ಲಿಸಿದರೂ ಚಕ್ರ ಕಟಕಟ ಎಂದು ತನ್ನ ಪಾಡಿಗೆ ಓಡುತ್ತದಲ್ಲ, ಇದರಲ್ಲಿ ಇಲ್ಲ.

“ಜಾಮ್ ಆಗಿದೆ,” ಎಂದ ಹೆಂಡತಿಗೆ, ವೈದ್ಯರ ಗಂಭೀರ ದನಿಯಲ್ಲಿ. “ಮೂವತ್ತೊಂದು ವರ್ಷ ನೇತಾಡಿದೆ, ಹಿಡ್ಕೊಂಡುಬಿಟ್ಟಿದೆ.”

“ಸೈಕಲ್ ಅಂಗಡಿಯವನಿಗೆ ತೋರಿಸಬಾರ್ದಾ?”

“ನಾನಾ? ಅವನಿಗಾ?”

ಹತ್ತು ದಿನ ಹಿಂದಿನ ಚಕ್ರಕ್ಕೆ ಮಿಶಿನ್ ಎಣ್ಣೆ ಕುಡಿಸಿದ. ಬಿಸಿ ಮಾಡಿದ. ಮರದ ಸುತ್ತಿಗೆಯಿಂದ ತಟ್ಟಿದ. ಬೇಡಿಕೊಂಡ. ಹಲ್ಲುಚಕ್ರ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ, ಹಿಡಿದುಕೊಂಡ ಮಿಶಿನ್ನು ಓಡಿಸುತ್ತ ಓಡಿಸುತ್ತ ಸಡಿಲವಾಗುವುದಿಲ್ಲವೇ, ಇದೂ ಹಾಗೇ ಎಂದು ತೀರ್ಮಾನಿಸಿದ.

ಒಂದನೇ ತಾರೀಕು ಬೆಳಿಗ್ಗೆ ಏಳಕ್ಕೇ ಹೆಂಡತಿಯ ಪೆಟ್ಟಿಗೆ ಗೇಟಿನ ಬಳಿ ಬಂದು ಕೂತಿತ್ತು. ಎಂಟಕ್ಕೆ ಬಾಡಿಗೆ ಕಾರು. ಸೈಕಲ್ಲನ್ನು ಮೆಟ್ಟಿಲ ಬುಡದಲ್ಲಿ ಒರಗಿಸಿಡುವುದು, ಅಕ್ಕ ಇಳಿದು ಬಂದಾಗ ನೋಡುವುದು, ಏನಾದರೂ ಅನ್ನುವುದು; ತಮ್ಮನ ಯೋಜನೆ ಇಷ್ಟೇ. ಆದರೆ ಕಸುಬಿನಲ್ಲಿ ಅವನದೊಂದು ನಿಯಮವಿತ್ತು. ಯಾವ ಮಿಶಿನ್ನನ್ನೂ ಒಂದು ಗೇಣು ಹೊಲಿದು ನೋಡದೆ ಗಿರಾಕಿಗೆ ಒಪ್ಪಿಸುತ್ತಿರಲಿಲ್ಲ.

“ಒಂದು ಗೇಣು ಓಡಿಸಿ ನೋಡ್ತೀನಿ, ಹಿಡ್ಕೋ,” ಎಂದು ಹತ್ತಿ, ಎರಡೂ ಪಾದಗಳಿಗೆ ಪಟ್ಟಿ ಬಿಗಿಸಿಕೊಂಡ. ಹೆಂಡತಿ ತಳ್ಳಿದಳು.

ಸೈಕಲ್ಲು ಬೆಣ್ಣೆಯ ಮೇಲಿನ ಚಾಕುವಿನಂತೆ ಹೊರಟಿತು. ಐವತ್ತೊಂದು ವರ್ಷದ ಆಸಾಮಿಗೆ ಖುಷಿಯೋ ಖುಷಿ. ಮೂಲೆಯ ಬೇಕರಿ ಬಂದಾಗ, ಸಾಕು, ತಿರುಗೋಣ ಎಂದು ಕಾಲು ನಿಲ್ಲಿಸಿದ. ಕಾಲು ನಿಲ್ಲಲಿಲ್ಲ. ಪೆಡಲುಗಳು ಅವನ ಕಾಲನ್ನೇ ಎತ್ತಿ ಒಗೆದವು. ಸೀಟು ಬಿಟ್ಟು ಅರ್ಧ ಮೊಳ ಮೇಲೆ ಹಾರಿ ಮತ್ತೆ ಅದರ ಮೇಲೇ ಬಂದು ಬಿದ್ದ. ಅಭ್ಯಾಸಬಲದಿಂದ ಬ್ರೇಕ್ ಹುಡುಕಿದ ಬೆರಳುಗಳಿಗೆ ಗಾಳಿ ಸಿಕ್ಕಿತು. ಇಳಿದುಬಿಡೋಣವೆಂದರೆ ಪಾದಗಳು ತನ್ನದೇ ಹೊಲಿಗೆಯಲ್ಲಿ ಬಂದಿ. ನಿಂತರೆ ಬಾಳೆಗಿಡದಂತೆ ಪಕ್ಕಕ್ಕೆ ಉರುಳುವುದೊಂದೇ ದಾರಿ. ಬೇರೇನೂ ತೋಚದೆ ಎಡಕ್ಕೆ ತಿರುಗಿದ, ಮತ್ತೆ ಎಡ, ಹಿಂದಿನ ಬೀದಿಯ ಇಳಿಜಾರಿನಲ್ಲಿ ಕಾಲುಗಳು ಮಿಶಿನ್ ಸೂಜಿಯಂತೆ ಮೇಲೆ ಕೆಳಗೆ ಹಾರಿದವು, ಮತ್ತೆ ಎಡ, ಮತ್ತೆ ಎಡ, ಮನೆಯ ಮುಂದೆ ಬಂದ.

“ರೀ, ಸಾಕು ಬನ್ನಿ!”

“ನಿಲ್ತಾ ಇಲ್ಲ ಕಣೇ!” ಎಂದವನೇ ದಾಟಿಹೋದ.

ಗದ್ದಲಕ್ಕೆ ಅಕ್ಕ ಮಹಡಿಯ ಕಟಕಟೆಗೆ ಬಂದಳು. ನೀಲಿ ಮಿಂಚೊಂದು ಮೂಲೆಯಲ್ಲಿ ಮರೆಯಾದದ್ದು ಕಂಡಿತು. ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಆದರೂ ಶಿಸ್ತು ತಪ್ಪಲಿಲ್ಲ.

“ಕಾಲು ನಿಲ್ಲಿಸ್ಬೇಡ, ತುಳೀತಾನೇ ಇರು ಅಂತ ನಿನ್ನ ಗಂಡನಿಗೆ ಹೇಳು.”

ತಮ್ಮ ಎರಡನೇ ಸುತ್ತು ಬಂದ. “ರೀ, ಅತ್ತಿಗೆ ಹೇಳ್ತಿದಾರೆ, ಕಾಲು—” ಎನ್ನುವಷ್ಟರಲ್ಲಿ ಬೇಕರಿ ದಾಟಿದ್ದ. ಮೂರನೇ ಸುತ್ತಿಗೆ ಹೆಂಡತಿ ಪಕ್ಕದಲ್ಲಿ ಓಡುತ್ತಲೇ ಶುರುಮಾಡಿದಳು. “ಅತ್ತಿಗೆ—” ಅಷ್ಟೇ. ಅವಳು ಸೊಂಟ ಹಿಡಿದು ಮೇಲೆ ನೋಡಿದಳು.

“ನನ್ನಿಂದಾಗಲ್ಲ ಅತ್ತಿಗೆ! ಈ ಸ್ಪೀಡಿಗೆ ಅಂಚೆ ತಲುಪಲ್ಲ. ನೀವೇ ಹೇಳ್ಕೊಳ್ಳಿ!”

ನಾಲ್ಕನೇ ಸುತ್ತು. ತಮ್ಮನ ಬಾಯಿ ತೆರೆದಿತ್ತು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅಕ್ಕ ಕಟಕಟೆಯಿಂದ ಅರ್ಧ ಹೊರಗೆ ಬಾಗಿದಳು.

“ಲೋ ಕತ್ತೇ! ಕಾಲು ನಿಲ್ಲಿಸ್ಬೇಡವೋ!”

ಎದುರು ಮನೆಯವರು ಬಾಗಿಲಿಗೆ ಬಂದರು. ಹೆಂಡತಿ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. ತಮ್ಮನಿಗೆ ಆ ಇಡೀ ಸುತ್ತು ಕಿವಿಯಲ್ಲಿ ಅದೇ ‘ಕತ್ತೆ’ ಕೊಳಲಿನಂತೆ ಕೇಳಿಸಿತು.

“ಅಕ್ಕಾ, ಜಾಮ್ ಆಗಿದೆ!” ಎಂದ ಐದನೇ ಸುತ್ತಿನಲ್ಲಿ.

“ಜಾಮ್ ಆಗಿರೋದು ನಿನ್ನ ತಲೆ! ಪಂದ್ಯದ ಸೈಕಲ್ಲು ಇರೋದೇ ಹಾಗೆ!”

“ಬ್ರೇಕು?” ಆರನೆಯದು.

“ಯಾವತ್ತೂ ಇರ್ಲಿಲ್ಲ!”

“ನಿಲ್ಲಿಸೋದು ಹೇಗೆ?” ಏಳನೆಯದು.

ಅಕ್ಕ ಲೋಟವನ್ನು ಕಟಕಟೆಯ ಮೇಲಿಟ್ಟಳು.

“ಹೇಳ್ತೀನಿ. ಮೊದಲು ನೀನು ಹೇಳು, ಸೈಕಲ್ ಕದ್ದವನು ಯಾರು?”

ಅವನು ಆಗಲೇ ಮೂಲೆಯಲ್ಲಿದ್ದ. ಯೋಚಿಸಲು ಸಿಕ್ಕಿದ್ದು ಮೂರು ತಿರುವು, ಒಂದು ಇಳಿಜಾರು. ಮೂವತ್ತೊಂದು ವರ್ಷದ ಸುಳ್ಳು ನಾಲಿಗೆ ತುದಿಯಲ್ಲೇ ಕೂತಿತ್ತು; ಅಭ್ಯಾಸ ನೋಡಿ, ಗೇಟು ಬಂದ ಕೂಡಲೇ, “ಕಳ್ಳ ಬಂದು—” ಎಂದುಬಿಟ್ಟ. ಅಕ್ಕ ಮುಖ ತಿರುಗಿಸಿದ್ದು ಕಂಡಿತು. ಹಿಂದಿನ ಬೀದಿಯಿಡೀ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಮುಂದಿನ ಸಲ ಮನೆ ಕಾಣುವ ಮುಂಚೆಯೇ ಕೂಗಲು ಶುರುಮಾಡಿದ.

“ನಾನೇ ಅಕ್ಕಾ! ನಾನೇ! ಮಿಶಿನ್ನಿಗೆ ಕೊಟ್ಟುಬಿಟ್ಟೆ! ಪರದೆ ಅಂಗಡಿಗೆ! ತಪ್ಪಾಯ್ತು!”

ಇಡೀ ಬೀದಿಗೆ ಕೇಳಿಸಿತು. ಮತ್ತೆ ಒಂದು ಸುತ್ತು ಬಂದ, ಕಟಕಟೆ ಖಾಲಿ. ಅದರ ಮುಂದಿನ ಸುತ್ತಿಗೆ ಅಕ್ಕ ಗೇಟಿನಲ್ಲಿ ನಿಂತಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ.

“ಇನ್ನೊಂದು ಸುತ್ತು ಹೊಡಿ,” ಎಂದಳು ತಣ್ಣಗೆ. “ಅದು ಸುಳ್ಳಿಗೆ.”

ಹೊಡೆದ.

“ಈಗ ಕೇಳಿಸ್ಕೋ! ಮೇಲಕ್ಕೆ ಬರೋ ಕಾಲನ್ನ ಅದುಮಿ ಹಿಡಿ. ಒಂದೇ ಸಲಕ್ಕಲ್ಲ, ಸ್ವಲ್ಪ ಸ್ವಲ್ಪ! ಗಾಬರಿ ಬೀಳ್ಬೇಡ, ನಾನು ಹಿಡ್ಕೋತೀನಿ!”

ಅದುಮಿದ. ಸೈಕಲ್ಲು ಮುನಿಸು ಬಿಟ್ಟಂತೆ ನಿಧಾನವಾಯಿತು. ಅಕ್ಕ ಸೀಟಿಗೆ ಒಂದು ಕೈ, ಅವನ ಹೆಗಲಿಗೆ ಒಂದು ಕೈ ಕೊಟ್ಟು ನಿಲ್ಲಿಸಿ, ಬಗ್ಗಿ ಪಟ್ಟಿ ಬಿಚ್ಚಿದಳು. ಅವನು ಗೇಟಿನ ಮೇಲೆ ಒದ್ದೆ ಟವೆಲ್ಲಿನಂತೆ ನೇತುಬಿದ್ದ.

“ನೀನು ಕೊಟ್ಟ ವಾರಾನೇ ಆ ಅಂಗಡೀಲಿ ನೋಡಿದ್ದೆ,” ಎಂದಳು ಅಕ್ಕ.

“ಮತ್ತೆ... ಯಾಕೆ... ಕೇಳ್ಲಿಲ್ಲ?”

“ಕೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳ್ತಿದ್ದೆ. ನೀನಾಗೇ ಬಾಯಿ ಬಿಡ್ಲಿ ಅಂತ ಕಾದೆ. ವರ್ಷಕ್ಕೊಂದ್ಸಲ ಹೋಗಿ ಅದನ್ನ ನೋಡ್ಕೊಂಡು ಬರ್ತಿದ್ದೆ. ಸುಮ್ಮನೆ ನೋಡಿ ಬರೋಕಾಗುತ್ತಾ? ಒಂದು ಪರದೆ ತಗೋಬೇಕಾಗ್ತಿತ್ತು.”

“ಅಯ್ಯೋ ಅತ್ತಿಗೆ,” ಎಂದಳು ಹೆಂಡತಿ, “ಅಷ್ಟೂ ಪರದೇನ ಒಗೆದು ಇಸ್ತ್ರಿ ಮಾಡಿದವಳು ನಾನು!”

ಬಾಡಿಗೆ ಕಾರು ಬಂದು ನಿಂತು ಹಾರ್ನ್ ಹೊಡೆಯಿತು. ಯಾರೂ ಆ ಕಡೆ ನೋಡಲಿಲ್ಲ. ಅಕ್ಕ ಚಿನ್ನದ ಗೆರೆಯ ಮೇಲೆ ಬೆರಳಾಡಿಸಿದಳು, ಹಿಂದಿನ ಚಕ್ರದಿಂದ ತೊಟ್ಟಿಕ್ಕುತ್ತಿದ್ದ ಎಣ್ಣೆ ಮೂಸಿ ಮುಖ ಕಿವುಚಿದಳು, ಪಟ್ಟಿಯ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು.

“ಹೊಲಿಗೆ ನೆಟ್ಟಗಿದೆ. ಹಿಡ್ಕೋ.”

“ಅಕ್ಕ, ನಿನಗೆ ಬಿ.ಪಿ.—”

“ನೇರವಾಗಿ ನನಗೇ ಹೇಳ್ತಿದೀಯಾ?” ಎಂದು ಹುಬ್ಬೇರಿಸಿದವಳು, ಅವನು ತಬ್ಬಿಬ್ಬಾಗುವಷ್ಟರಲ್ಲಿ ಸೀಟಿನ ಮೇಲಿದ್ದಳು. ಪಟ್ಟಿ ಬಿಗಿಯಲಿಲ್ಲ; ಅಷ್ಟು ಬುದ್ಧಿ ಅವಳಿಗಿತ್ತು. ಬೆನ್ನು ಬಾಗಿತು, ತೋಳು ಹ್ಯಾಂಡಲ್ಲಿನ ಜಾಗ ಕೇಳದೆಯೇ ಕಂಡುಕೊಂಡಿತು, ಸೈಕಲ್ಲು ಸದ್ದಿಲ್ಲದೆ ಬೇಕರಿಯ ಮೂಲೆ ತಿರುಗಿತು.

ಒಂದು ಸುತ್ತು ಹಾಕಿ ಬಂದಾಗ ಅಕ್ಕ ನಗುತ್ತಿರಲಿಲ್ಲ, ಲೆಕ್ಕ ಹಾಕುತ್ತಿದ್ದವಳಂತಿದ್ದಳು.

“ನಿನ್ನ ಮದುವೇಲಿ ನನಗೆ ನೀಲಿ ಸೀರೆ ತಗೊಂಡ್ಯಲ್ಲ, ನನಗೆ ಹಸಿರು ಬೇಕಾಗಿತ್ತು!” ಎಂದು ಹೇಳಿ ದಾಟಿದಳು.

ಹೆಂಡತಿ ಪೆಟ್ಟಿಗೆಯನ್ನು ತಾನೇ ಕಾರಿಗೆ ಹಾಕಿಕೊಂಡು, “ಬರ್ತೀನಿ ರೀ, ನಿಮಗೆ ಇನ್ನು ತುಂಬ ಕೆಲಸ ಇದೆ,” ಎಂದು ಹತ್ತಿದಳು. ಕಾರು ತಿರುವಿನಲ್ಲಿ ಅಕ್ಕನಿಗೆ ದಾರಿಬಿಟ್ಟು ಹೊರಟುಹೋಯಿತು.

“ಮಹಡಿ ನಲ್ಲಿ ನಾಲ್ಕು ವರ್ಷದಿಂದ ಸೋರ್ತಿದೆ!” ಎಂದು ಎರಡನೇ ಸುತ್ತು ಬಂತು.

ತಮ್ಮ ಗೇಟಿನ ಕಟ್ಟೆಯ ಮೇಲೆ ಕೂತು, ಚಪ್ಪಲಿಗಳನ್ನು ಕಳಚಿ ಪಕ್ಕಕ್ಕಿಟ್ಟ. ನಡುಗುವ ತೊಡೆಗಳನ್ನು ನೀವಿಕೊಳ್ಳುತ್ತ, ಅವಳು ಮತ್ತೆ ಬರುವುದರೊಳಗೆ ನಲ್ಲಿಯ ವಿಷಯಕ್ಕೆ ಏನು ಉತ್ತರ ಹೇಳುವುದೆಂದು ಯೋಚಿಸತೊಡಗಿದ. ಒಂದು ಸುತ್ತಿನಷ್ಟು ಹೊತ್ತಿತ್ತು.