ಮೂರು ತಿಂಗಳಿಗೊಮ್ಮೆ ನಾಲ್ಕು ಬ್ಯಾಟರಿ

ವಿಮಾನವೊಂದು ಹೆಂಚು ಸವರಿಕೊಂಡೇ ಹೋದಂತೆ ಹೋಯಿತು, ಕಿಟಕಿಯ ಗಾಜು ಗುಂಯ್ ಎಂದಿತು, ಸ್ಕ್ರೂ ಹಾಕಿಟ್ಟ ಬಟ್ಟಲು ಮೇಜಿನ ಮೇಲೆ ಸಣ್ಣಗೆ ನಡುಗಿತು, ಲಂಡನ್ ಏರ್‌ಪೋರ್ಟಿನ ಪಕ್ಕದ ಹೇಸ್‌ಗೆ ಬಂದು ಹತ್ತೊಂಬತ್ತು ವರ್ಷವಾದರೂ ಪ್ರತಿ ವಿಮಾನಕ್ಕೂ ತಲೆ ಎತ್ತುವ ಚಟ ಬಿಟ್ಟಿಲ್ಲ, ಆದರೆ ಈ ಸಲ ವೇದವತಿ ತಲೆ ಎತ್ತಲಿಲ್ಲ, ಕಣ್ಣು ಮೇಜಿನ ಮೇಲಿನ ಹಳೆಯ ಪುಟ್ಟ ಕಂಪ್ಯೂಟರಿನ ಪರದೆಗೇ ಅಂಟಿಕೊಂಡಿತ್ತು — 21 ಮಾರ್ಚ್ 2002. ಎಲ್ಲಿಯ ಮಾರ್ಚ್, ಯಾವ 2002, ಇವತ್ತು ಮೇ ಇಪ್ಪತ್ತನಾಲ್ಕು, 2025, ಶನಿವಾರ, ಕೆಳಗೆ ಅಡುಗೆಮನೆಯಲ್ಲಿ ಗಂಡ ಶರಣಬಸವ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಾನೆ, ಆ ಸಾಸಿವೆಯ ಘಾಟು ಮೆಟ್ಟಿಲು ಹತ್ತಿ ಬಂದು ಇಲ್ಲಿನ ವಿನೆಗರ್ ವಾಸನೆಯೊಂದಿಗೆ ಜಗಳಕ್ಕೆ ನಿಂತಿದೆ. ಅವಳು ಕನ್ನಡಕ ತೆಗೆದು ಸ್ವೆಟರಿನ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು, ಒರೆಸಿದರೆ ತಾರೀಖು ಬದಲಾಗುತ್ತದೆಯೇ, ಹುಚ್ಚಿ, ತಾರೀಖಿನ ಕೆಳಗಿನ ಸಾಲಂತೂ ಇನ್ನೂ ಸ್ಪಷ್ಟವಾಗಿತ್ತು — ಫೈಲುಗಳು, ಸೊನ್ನೆ. ಎಂಟು ದಿನದ ಕೆಲಸ, ಹಸಿರು ಕಿಲುಬನ್ನು ವಿನೆಗರ್ ಹಚ್ಚಿ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದದ್ದು, ಕೊಳೆತ ತಂತಿಗೆ ಬೇರೆ ತಂತಿ ಬೆಸೆದದ್ದು, ಇನ್ನೊಂದು ಸತ್ತ ಯಂತ್ರದಿಂದ ಪರದೆ ಕಿತ್ತು ಇದಕ್ಕೆ ಜೋಡಿಸಿದ್ದು, ಈಗ ಐದು ನಿಮಿಷದ ಕೆಳಗೆ ಪರದೆ ಬೆಳಗಿದಾಗ ಒಬ್ಬಳೇ ಕೂತು ಚಪ್ಪಾಳೆ ತಟ್ಟಿದ್ದಳು, ಐವತ್ತೆಂಟರ ಹೆಂಗಸು. ಈ ಸಣ್ಣ ಕೋಣೆಯ ತುಂಬ ಹಳೆಯ ಕಂಪ್ಯೂಟರುಗಳು, ಹಳದಿಗಟ್ಟಿದ ಕೀಬೋರ್ಡುಗಳು, ಶರಣಬಸವ ಬಂದವರಿಗೆಲ್ಲ ಹೇಳುತ್ತಾನೆ, ನಮ್ಮಾಕಿ ಸತ್ತವರನ್ನ ಎಬ್ಬಸ್ತಾಳ್ರೀ, ಬದುಕಿದ್ದ ಗಂಡಗ ಚಾ ಮಾತ್ರ ಮಾಡಿಕೊಡಂಗಿಲ್ಲ. ಎಬ್ಬಿಸಿದ್ದಾಯಿತು, ಎದ್ದ ಯಂತ್ರ ಬಾಯಿ ತೆರೆದು ಹೇಳಿದ್ದು ಸೊನ್ನೆ.

ಕೆಳಗಿನಿಂದ ಬೀಟ್ರಿಸ್ ಬಾಯಿಯ ನಗು ಕೇಳಿಸಿತು, ಎಪ್ಪತ್ತು ದಾಟಿದ ಗಂಟಲಿನ ಒಡಕು ನಗು, ಚಾ ಕುಡಿದು ಯಂತ್ರ ತೆಗೆದುಕೊಂಡು ಹೋಗಲು ಬಂದಿದ್ದಾರೆ, ಅಲ್ಲ, ತೆಗೆದುಕೊಂಡು ಹೋಗಲಲ್ಲ, ಒಳಗಿನದನ್ನು ಓದಿಕೊಂಡು ಹೋಗಲು. ತಿಂಗಳಿಗೊಮ್ಮೆ ಚರ್ಚಿನ ಹಾಲ್‌ನಲ್ಲಿ ನಡೆಯುವ ರಿಪೇರಿ ಕೂಟದಲ್ಲಿ ಸಿಕ್ಕಿದವರು, ಯಾರದೋ ಕೆಟಲ್ ಬಿಚ್ಚುತ್ತ ಬೆರಳು ಚುಚ್ಚಿಕೊಂಡು ವೇದವತಿ ಥತ್ ತೇರಿ ಎಂದದ್ದೇ, ಹಿಂದಿನಿಂದ ಒಂದು ದನಿ, ನೀವು ಕನ್ನಡದವರಾ ಮಾರಾಯ್ರೆ, ನಾವು ಶಿರ್ವದವರು, ಉಡುಪಿ ಹತ್ತಿರ. ಎದೆಗವಚಿಕೊಂಡ ಚೀಲ, ಚೀಲದಲ್ಲಿ ಟವೆಲ್, ಟವೆಲಿನಲ್ಲಿ ಈ ಕಪ್ಪು ಚಪ್ಪಟೆ ಯಂತ್ರ, ಪಠ್ಯಪುಸ್ತಕದಷ್ಟು ದಪ್ಪ, ರಬ್ಬರಿನ ಕೀಲಿಗಳು. ನಮ್ಮವರದು, ಪೈಯಸ್‌ರದು, ಏರ್‌ಪೋರ್ಟಿನಲ್ಲಿ ಲಗೇಜ್ ಕೆಲಸ, ರಾತ್ರಿ ಊಟ ಆದ ಮೇಲೆ ದಿನಾ ಇದರಲ್ಲಿ ಕೊಂಕಣಿಯಲ್ಲಿ ಬರೆಯುವುದು, ಬ್ಯಾಟರಿ ಖಾಲಿಯಾದ್ರೆ ಬರೆದದ್ದೆಲ್ಲ ಹೋಗ್ತದೆ ಬೀಟಿ, ಮೂರು ತಿಂಗಳಿಗೊಮ್ಮೆ ನಾಲ್ಕು ಬ್ಯಾಟರಿ ಬದಲಿಸಬೇಕು ಅಂತ ಹೇಳುತ್ತಿದ್ದರು. ಅವರು ತೀರಿಕೊಂಡು ಹದಿನಾಲ್ಕು ವರ್ಷ, ನಾನು ಒಂದು ಸಲವೂ ತಪ್ಪಿಸಲಿಲ್ಲ. ಆನ್ ಮಾಡಿ ನೋಡಲಿಲ್ಲವೇ ಎಂದು ಕೇಳಿದ್ದಕ್ಕೆ ಬೀಟ್ರಿಸ್ ಬಾಯಿ ಕೆಟಲ್ ಕಡೆ ನೋಡಿದರು, ಆ ಮೇಲೆ ಮೆಲ್ಲಗೆ ಹೇಳಿದರು, ಹೆದರಿಕೆ. ಸಾಯುವ ಮೂರು ವಾರ ಮುಂಚೆ ಒಂದು ದಿನ ನಾನು ಬೈದಿದ್ದೆ, ನಿಮ್ಮೊಟ್ಟಿಗೆ ಬಂದು ನನಗೆ ಎಂತ ಸಿಕ್ಕಿತು ಅಂತ ಕೇಳಿದ್ದೆ, ಅವರು ಮಾತಾಡಲಿಲ್ಲ, ಇದನ್ನು ತೊಡೆ ಮೇಲೆ ಇಟ್ಟುಕೊಂಡು ಅರ್ಧ ಗಂಟೆ ಟೈಪ್ ಮಾಡಿದರು, ಎಂತ ಬರೆದರು, ಅದು ಒಂದು ಗೊತ್ತಾಗಬೇಕು. ಈ ಈಸ್ಟರಿಗೆ ಧೈರ್ಯ ಬಂತು, ಒತ್ತಿದೆ, ಪರದೆ ಬರಲಿಲ್ಲ. ಬೈದು ಬರೆದಿದ್ದರೂ ಅಡ್ಡಿಯಿಲ್ಲ, ಓದುತ್ತೇನೆ, ಮಗಳು ಅನ್ನೆಟ್ ನನ್ನನ್ನು ಗ್ರೀನ್‌ಫರ್ಡಿನ ಅವಳ ಫ್ಲ್ಯಾಟಿಗೆ ಕರೆದುಕೊಂಡು ಹೋಗುವ ಮುಂಚೆ ಓದಬೇಕು. ಹೀಗೆ ಹೇಳುತ್ತಲೇ ಅವರ ಹೆಬ್ಬೆರಳು ತನ್ನಷ್ಟಕ್ಕೆ ಯಂತ್ರದ ಬೆನ್ನಿಗೆ ಹೋಗಿ ಬ್ಯಾಟರಿಯ ಮುಚ್ಚಳದ ಮೇಲೆ ಕೂತಿತು, ಅಲ್ಲಿ ಉಗುರು ಕೂರುವಷ್ಟು ಜಾಗದಲ್ಲಿ ಕಪ್ಪು ಪ್ಲಾಸ್ಟಿಕ್ ಸವೆದು ಬೆಳ್ಳಗಾಗಿ ಒಂದು ಸಣ್ಣ ಗುಳಿಯಾಗಿತ್ತು, ಅದೇ ಉಗುರು, ಅದೇ ಗುಳಿ.

ತಪ್ಪು ನನ್ನದೇ ಇರಬಹುದೇ, ಮೊದಲು ಅದನ್ನು ನೋಡು, ಇಪ್ಪತ್ತೇಳು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವಳು ನೀನು. ಈ ಜಾತಿಯ ಯಂತ್ರಕ್ಕೆ ಡಿಸ್ಕ್ ಎಂಬುದಿಲ್ಲ, ಬರೆದದ್ದೆಲ್ಲ ಬ್ಯಾಟರಿಯ ಉಸಿರಿನ ಮೇಲೆ ನಿಂತಿರುತ್ತದೆ, ಬ್ಯಾಟರಿ ತೆಗೆದರೆ ಮೂರು ನಿಮಿಷ ಹೇಗೋ ಹಿಡಿದುಕೊಂಡಿರುತ್ತದೆ, ಅಷ್ಟರಲ್ಲಿ ಹೊಸದು ಬೀಳದಿದ್ದರೆ ಎಲ್ಲವನ್ನೂ ಮರೆತು ತನ್ನ ಹುಟ್ಟಿದ ದಿನಕ್ಕೆ, 1988ರ ಜನವರಿ ಒಂದಕ್ಕೆ ಹೋಗಿ ಕೂತು ಮತ್ತೆ ಒಂದೊಂದೇ ಸೆಕೆಂಡು ಎಣಿಸತೊಡಗುತ್ತದೆ. ಅದಕ್ಕೇ ಮೊದಲ ದಿನವೇ ಹೊರಗಿನಿಂದ ಕರೆಂಟಿನ ತಂತಿ ಕೊಟ್ಟು, ಆಮೇಲೆ ಬ್ಯಾಟರಿ ತೆಗೆದು, ತಂತಿಯ ಮೇಲೆ ಟೇಪು, ಟೇಪಿನ ಮೇಲೆ ಟೇಪು, ಬಾಗಿಲಿಗೆ ಮುಟ್ಟಬೇಡಿ ಎಂಬ ಚೀಟಿ, ನನ್ನ ಕೈಯಲ್ಲಿ ಹೋಗಿದ್ದರೆ ಈಗ 1988ರ ಜನವರಿ ಮೊದಲ ವಾರ ತೋರಿಸಬೇಕಿತ್ತು, ತೋರಿಸುತ್ತಿರುವುದು 2002ರ ಮಾರ್ಚ್. ಜನವರಿ ಒಂದರಿಂದ ಹದಿನಾಲ್ಕು ವರ್ಷ, ಅದರ ಮೇಲೆ ಎಪ್ಪತ್ತೊಂಬತ್ತು ದಿನ, ಇವತ್ತಿನಿಂದ ಅಷ್ಟೇ ಹಿಂದಕ್ಕೆ ಹೋಗು, ಬೆರಳು ಮಡಿಸಿ ಎಣಿಸಿದಳು, ಮೇ, ಏಪ್ರಿಲ್, ಮಾರ್ಚ್ — 2011, ಮಾರ್ಚ್ ಆರು. ಬೇಕೆಂದರೆ ಒಂದು ವಾರ ಆಚೀಚೆ ಮಾಡಿಕೋ. ಪೈಯಸ್ ತೀರಿಕೊಂಡದ್ದು ಆ ವರ್ಷ ಫೆಬ್ರವರಿ ಐದಕ್ಕೆ, ಮಾರ್ಚ್ ಐದಕ್ಕೆ ಚರ್ಚಿನಲ್ಲಿ ತಿಂಗಳ ಪೂಜೆ, ಮತ್ತು ಸ್ವಲ್ಪ ಹೊತ್ತಿನ ಮುಂಚೆ ಕೋಟು ಬಿಚ್ಚುತ್ತ ಬೀಟ್ರಿಸ್ ಬಾಯಿ ಶರಣಬಸವನ ಹತ್ತಿರ ಎಷ್ಟು ಹೆಮ್ಮೆಯಿಂದ ಹೇಳಿದರು, ತಿಂಗಳ ಪೂಜೆಯ ಮರುದಿನವೇ ನಾನು ಮೊದಲ ಸಲ ಬ್ಯಾಟರಿ ಬದಲಿಸಿದ್ದು, ನನಗೆ ಸೈಜ್ ಎಂತ ಗೊತ್ತು, ನಾಲ್ಕನ್ನೂ ತೆಗೆದು ಕರ್ಚೀಫಿನಲ್ಲಿ ಕಟ್ಟಿಕೊಂಡು ಅಂಗಡಿಗೆ ಹೋಗಿ ಇಂಥದ್ದೇ ಕೊಡಿ ಅಂತ ತೋರಿಸಿ ತಂದೆ. ನಾವೆಲ್ಲ ಹಾಗೇ ಅಲ್ಲವೇ, ಬೋಲ್ಟು ಬೇಕಾದರೆ ಬೋಲ್ಟು, ಗುಂಡಿ ಬೇಕಾದರೆ ಗುಂಡಿ, ಸ್ಯಾಂಪಲ್ ಒಯ್ಯದೆ ಅಂಗಡಿಗೆ ಹೋಗುವವರು ಯಾರು. ಹೋಗಲು ಹತ್ತು ನಿಮಿಷ, ಬರಲು ಹತ್ತು ನಿಮಿಷ, ಭಾನುವಾರ ಬೇರೆ. ಇತ್ತ ಅವರ ಮನೆಯ ಮೇಜಿನ ಮೇಲೆ ಬ್ಯಾಟರಿಯಿಲ್ಲದ ಯಂತ್ರಕ್ಕೆ ಇದ್ದದ್ದು ಮೂರು ನಿಮಿಷ.

ಹಾಗಾದರೆ ಅವರು ಕಾಪಾಡಿದ್ದು ಏನನ್ನು, ಹದಿನಾಲ್ಕು ವರ್ಷ, ಉಗುರಿನಿಂದ ಮೀಟಿ ಮೀಟಿ, ಜ್ವರ ಬಂದ ದಿನವೂ, ಮಂಡಿ ಆಪರೇಶನ್ ಆದ ತಿಂಗಳೂ, ಊರಿಗೆ ಹೋಗಿದ್ದಾಗ ಅನ್ನೆಟ್‌ಗೆ ಫೋನಿನಲ್ಲಿ ಹೇಳಿಕೊಟ್ಟು — ಸೊನ್ನೆಯನ್ನು. ಹೇಳಬೇಕು, ಕಂಡದ್ದನ್ನು ಕಂಡ ಹಾಗೆ ಹೇಳಬೇಕು, ಅದೇ ನಿನ್ನ ಕೆಲಸವಾಗಿತ್ತು, ದೋಷ ಎಲ್ಲಿ ಹುಟ್ಟಿತೋ ಅಲ್ಲಿಯೇ ಬರೆಯಬೇಕು, ಜೊತೆಗೆ ಕೆಲಸ ಮಾಡುತ್ತಿದ್ದ ಹುಡುಗ ಸಂದೀಪನ ಹೆಸರನ್ನೂ ಹಾಗೇ ಬರೆದಿದ್ದೆ, ಬ್ಯಾಂಕಿನ ಆ ಆಫೀಸಿನಲ್ಲಿ, 2009ರಲ್ಲಿ, ಮೂರು ಸಾಲಿನ ವರದಿ, ಒಂದು ಅಕ್ಷರವೂ ಸುಳ್ಳಲ್ಲ, ಮುಂದಿನ ವಾರ ಅವನನ್ನು ಕೆಲಸದಿಂದ ತೆಗೆದು ಊರಿಗೆ ವಾಪಸ್ ಕಳಿಸಿದರು, ಲಿಫ್ಟಿನ ಹತ್ತಿರ ರಟ್ಟಿನ ಡಬ್ಬ ಹಿಡಿದು ನಿಂತವನು ನೀವು ಸರಿಯಾಗೇ ಬರೆದಿದ್ದೀರಾ ಮೇಡಂ ಅಂದ, ಹಾಗನ್ನದೆ ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ. ಏನೋ ಒಂದು ಒಳ್ಳೆಯ ಮಾತು ತಾನೇ ಟೈಪ್ ಮಾಡಿ ತೋರಿಸಿಬಿಟ್ಟರೆ — ಛೀ, ಸತ್ತವನ ಬಾಯಿಗೆ ಮಾತು ತುರುಕುವಷ್ಟು ಕೀಳಾದೆಯಾ, ಅದೂ ಬಾರದ ಕೊಂಕಣಿಯಲ್ಲಿ. ಹಳೆಯ ಯಂತ್ರ, ಹೇಗೋ ಅಳಿಸಿಹೋಗಿದೆ ಎಂದರೆ, ಯಾವಾಗ ಎಂದು ಕೇಳಿಯೇ ಕೇಳುತ್ತಾರೆ, ಆ ಹೆಂಗಸು ಪೆದ್ದಿಯಲ್ಲ, ಕೇಳಿ, ಯೋಚಿಸಿ, ಒಂದು ದಿನ ಗ್ರೀನ್‌ಫರ್ಡಿನ ಫ್ಲ್ಯಾಟಿನಲ್ಲಿ ಒಬ್ಬರೇ ಕೂತಾಗ ಆ ಕರ್ಚೀಫು ನೆನಪಾಗುತ್ತದೆ. ವೇದಾ, ಚಾ ಆರಾಕತ್ತೈತಿ, ಬೀಟ್ರಿಸ್ ಬಾಯಾರು ಮ್ಯಾಲೆ ಬರ್ತೀನಿ ಅಂತಾರ ನೋಡ್, ಶರಣಬಸವ ಕೂಗಿದ.

ಕೈ ಮುಂದೆ ಹೋಯಿತು, ಟೇಪು ಕಿತ್ತಿತು, ಟೇಪಿನ ಕೆಳಗಿನ ಟೇಪು ಕಿತ್ತಿತು, ತಂತಿ ಎಳೆಯಿತು. ಪರದೆ ಆರಿತು. ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ, ಮೂರು ನಿಮಿಷ ಬೇಕು, ಕೆಳಗೆ ಮೊದಲ ಮೆಟ್ಟಿಲು ಕಿರುಗುಟ್ಟಿತು, ಬೀಟ್ರಿಸ್ ಬಾಯಿಗೆ ಮಂಡಿ ನೋವು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ ನಿಲ್ಲುತ್ತಾರೆ, ಹದಿಮೂರು ಮೆಟ್ಟಿಲು, ನಿಧಾನ, ಇನ್ನೂ ನಿಧಾನ ಬನ್ನಿ. ಹೋದದ್ದು ನನ್ನ ಕೈಯಲ್ಲಿ ಎಂದರೆ ಇನ್ನು ಸುಳ್ಳಾಗುವುದಿಲ್ಲ, ಪೂರ್ತಿ ಸುಳ್ಳಾಗುವುದಿಲ್ಲ — ಆಗ ಅದು ಹೊಳೆಯಿತು. ಸೊನ್ನೆಯಲ್ಲ. ಇತ್ತಲ್ಲ ಒಳಗೆ ಒಂದು. ಆ ತಾರೀಖು. ಹದಿನಾಲ್ಕು ವರ್ಷ ಎಪ್ಪತ್ತೊಂಬತ್ತು ದಿನ, ಒಂದು ಸೆಕೆಂಡೂ ಬಿಡದೆ, ಒಂದು ಬ್ಯಾಟರಿಯೂ ತಡವಾಗದೆ, ಅವರು ತಪ್ಪಿಸಲಿಲ್ಲ ಎಂಬುದಕ್ಕೆ ಅದೊಂದೇ ಲೆಕ್ಕ ಇತ್ತು, ಗಂಡ ಬರೆದದ್ದಲ್ಲ, ಹೆಂಡತಿ ಬರೆದದ್ದು, ಅದನ್ನು ನಾನು ಈಗ — ಕೈ ತಂತಿಯ ಕಡೆ ಹೋಯಿತು, ಇನ್ನೂ ಒಂದೂವರೆ ನಿಮಿಷ ಇದೆ, ಸಿಕ್ಕಿಸಿದರೆ ಉಳಿಯುತ್ತದೆ, ಸಿಕ್ಕಿಸಿ ಏನೆಂದು ಹೇಳುತ್ತೀ, ಯಾವ ಬಾಯಿಯಿಂದ ಹೇಳುತ್ತೀ, ಏಳನೆಯ ಮೆಟ್ಟಿಲು, ಎಂಟನೆಯದು, ಅಬ್ಬಾ ದೇವರೇ ಎಂಬ ನಿಟ್ಟುಸಿರು, ಒಂಬತ್ತು. ತಂತಿ ಕೈಯಲ್ಲೇ ಇತ್ತು. ಅವಳು ಸಿಕ್ಕಿಸಲಿಲ್ಲ. ನಾಲ್ಕು ಗಂಟೆ ಹದಿನಾಲ್ಕು ನಿಮಿಷಕ್ಕೆ ಸಿಕ್ಕಿಸಿದಳು, ಪರದೆ ಹೊಸ ವರ್ಷದ ಶುಭಾಶಯ ಹೇಳುವವರ ಹಾಗೆ ಉತ್ಸಾಹದಿಂದ ಬೆಳಗಿತು, 1 ಜನವರಿ 1988.

ಸಿಕ್ಕಿತಾ, ಬಾಗಿಲ ಚೌಕಟ್ಟು ಹಿಡಿದು ನಿಂತ ಬೀಟ್ರಿಸ್ ಬಾಯಿ ಕೇಳಿದರು, ಓದುವ ಕನ್ನಡಕ ಆಗಲೇ ಮೂಗಿನ ಮೇಲಿತ್ತು, ಹಣೆಯಲ್ಲಿ ಬೆವರು. ವೇದವತಿ ಎದ್ದು ನಿಂತಳು, ಶಾಲೆಯಲ್ಲಿ ನಿಂತ ಹಾಗೆ. ನನ್ನ ಕೈ ತಪ್ತು ಬೀಟ್ರಿಸ್ ಬಾಯಿ, ತಂತಿ ಕಳಚ್ಕೊಂಡ್ಬಿಡ್ತು, ಎಲ್ಲ ಹೊರಟ್ಹೋಯ್ತು, ಒಂದೂ ಉಳಿದಿಲ್ಲ. ಬೀಟ್ರಿಸ್ ಬಾಯಿ ಪರದೆ ನೋಡಿದರು, ಕಿತ್ತ ಟೇಪು ನೋಡಿದರು, ಇವಳ ಮುಖ ನೋಡಿದರು. ಯಾವಾಗ? ಈಗಷ್ಟೆ. ಈಗಷ್ಟೆಯಾ, ಅಷ್ಟರವರೆಗೆ ಇತ್ತಾ? ಇತ್ತು. ಎಲ್ಲಾ ಇತ್ತಾ? ಇತ್ತು, ಎಲ್ಲಾ ಇತ್ತು. ಆಗ ಆ ಮುಖ ಕೆಂಪಾಯಿತು, ಬಾಗಿದ್ದ ಬೆನ್ನು ನೆಟ್ಟಗಾಯಿತು, ಎಂಥ ದೊಡ್ಡ ದನಿ ಆ ಸಣ್ಣ ದೇಹದಿಂದ, ಕೆಳಗೆ ಶರಣಬಸವನ ಸೌಟು ನಿಂತುಹೋಯಿತು — ನಾನು ಹದಿನಾಲ್ಕು ವರ್ಷ ಬಿಡಲಿಲ್ಲ ಮಾರಾಯ್ತಿ, ಓದು ಬರಹ ಸರಿಯಾಗಿ ಬಾರದವಳು, ಒಂದು ಸಲ ಬಿಡಲಿಲ್ಲ, ನೀನು ಇಷ್ಟು ಕಲಿತವಳು ಎಂಟು ದಿನದಲ್ಲಿ ಬಿಟ್ಟೆಯಲ್ಲ! ಹೌದು, ಎಂದಳು ವೇದವತಿ, ಹೌದು, ಬೈಯಿರಿ, ಇನ್ನೂ ಬೈಯಿರಿ, ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಕಣ್ಣು ತುಂಬಿ ಎಲ್ಲ ಮಸುಕಾಯಿತು, ಇನ್ನು ಚರ್ಚಿನ ಹಾಲ್‌ನಲ್ಲಿ ಯಾರೂ ಏನೂ ತಂದುಕೊಡಲಾರರು, ತಂದುಕೊಡದಿರಲಿ. ಬೀಟ್ರಿಸ್ ಬಾಯಿ ಮೇಜಿನ ಹತ್ತಿರ ಬಂದು ಯಂತ್ರವನ್ನು ಎತ್ತಿಕೊಂಡರು, ಕೂಸನ್ನು ಕಸಿದುಕೊಂಡ ಹಾಗೆ, ಬೆನ್ನು ಮೇಲೆ ಮಾಡಿ ತಿರುಗಿಸಿದರು, ತಂತಿ ಜಗ್ಗಿ ತಾನೇ ಕಳಚಿಬಿತ್ತು, ಚೀಲದಿಂದ ಹೊಸ ಬ್ಯಾಟರಿಯ ಪೊಟ್ಟಣ ತೆಗೆದು ಹಲ್ಲಿನಿಂದ ಹರಿದರು, ಯಾಕೆ, ಇನ್ನೇಕೆ, ಒಳಗೆ ಏನಿದೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ, ಕೇಳಲು ತಾನು ಯಾರು, ಹೆಬ್ಬೆರಳು ಮುಚ್ಚಳವನ್ನು ನೋಡದೆಯೇ ಹುಡುಕಿಕೊಂಡು ಹೋಯಿತು, ಸವೆದು ಬೆಳ್ಳಗಾದ ಆ ಗುಳಿ, ಆ ಉಗುರು, ಅದು ಅಲ್ಲಿ ಕೂತಿತು, ಕೂತ ಜಾಗದಲ್ಲಿ ಸರಿಯಾಗಿ ಕೂತಿತು, ಆ ಉಗುರು —