ಹಂದಿ ಬಂತು, ಬಾಯಿ ಬರಲಿಲ್ಲ

ಸೆಪಿಕ್ ನದಿಯ ಮೇಲೆ ಬೆಳಗಿನ ಮಂಜು ಇನ್ನೂ ಮಲಗಿತ್ತು. ತಾಯಿಯನ್ನು ಪೇಟೆಗೆ ಕರೆದೊಯ್ಯಲು ಬಂದಿದ್ದ ಅಲುಸ್, ಅವಳ ಮಡಕೆ, ಚಾಪೆ, ಕಾಲು ಕಟ್ಟಿದ ಕೋಳಿಯನ್ನು ದೋಣಿಗೆ ತುಂಬುತ್ತಿದ್ದಳು. ಮುದುಕ ವೈಂಬೊ ತೆಂಗಿನ ಮರಕ್ಕೆ ಒರಗಿ ನೋಡುತ್ತಿದ್ದ. ಆ ತಾಯಿ ಅವನ ಅಣ್ಣನ ಹೆಂಡತಿ. ಅವಳ ಹೆಸರನ್ನು ಮೈದುನ ಆಡುವಂತಿಲ್ಲ. ಅವನ ಕಥೆ ಹೇಳುವಾಗ ನಾವೂ ಆಡದಿರುವುದೇ ಲೇಸು.

ಊರಿನ ಹಳೆಯ ಮಾತು ಈಗ ಉಳಿದಿದ್ದು ಇವರಿಬ್ಬರಲ್ಲಿ ಮಾತ್ರ. ಮಕ್ಕಳೆಲ್ಲ ಪೇಟೆಯ ಮಾತಿನವರು. ಹಳೆಯ ಮಾತಿನಲ್ಲಿ ಸದ್ದುಗಳೇ ಕಡಿಮೆ, ಅದರಲ್ಲಿ ಅರ್ಧ ಮೂಗಿನಲ್ಲಿ ಹುಟ್ಟುವಂಥವು. ಆದರೆ ‘ನಾವಿಬ್ಬರು’ ಎನ್ನಲು ಅದರಲ್ಲಿ ಬೇರೆಯೇ ಒಂದು ಮಾತಿತ್ತು: ‘ಙಾಲಿ’. ಅದನ್ನೀಗ ವೈಂಬೊ ಕನಸಿನಲ್ಲಷ್ಟೇ ಕೇಳುತ್ತಿದ್ದ. ಸತ್ತ ಅಣ್ಣ, ತಿರುಳಿನಿಂದ ಊರಿಗೆ ಹಿಟ್ಟು ಕೊಡುವ ಜೌಗಿನ ಸಾಗು ಮರಗಳ ನಡುವಿನಿಂದ ತೇಲಿ ಬಂದು ‘ಙಾಲಿ’ ಎಂದು ಕರೆದು, ಹಾಗೇ ಮಂಜಾಗಿಬಿಡುತ್ತಿದ್ದ.

ಅಣ್ಣನನ್ನು ಮಣ್ಣು ಮಾಡಿದ ದಿನ ಅಳುತ್ತಳುತ್ತ ವೈಂಬೊ ಅತ್ತಿಗೆಯ ಹೆಸರನ್ನು ಕೂಗಿಬಿಟ್ಟಿದ್ದ. ಊರೇ ಕೇಳಿಸಿಕೊಂಡಿತು. ತಪ್ಪಿಗೆ ದಂಡವಾಗಿ ಅವಳಿಗೆ ಹಂದಿ ಕೊಡಬೇಕು, ಕೊಟ್ಟ. ಆದರೆ ನಾಚಿಕೆಯಿಂದ ಬೇರೆಯವರ ಕೈಯಲ್ಲಿ ಕಳಿಸಿದ. ಅಂದಿನಿಂದ ಅವಳು ಅವನೊಡನೆ ಮಾತು ಬಿಟ್ಟಳು.

“ಏನ್ ಚಿಕ್ಕಪ್ಪ, ನೀನೂ ಬೇರು ಬಿಟ್ಯಾ?” ಅಲುಸ್ ನಕ್ಕಳು. “ಬಂದು ಚಾಪೆನಾದ್ರೂ ಎತ್ತು.”

“ನಿಮ್ಮವ್ವ ನನ್ ನೆರಳು ಕಂಡ್ರೂ ಮುಖ ತಿರುಗಿಸ್ತಾಳಲ್ಲೇ.”

“ಹಂದಿ ಬಂತು, ಬಾಯಿ ಬರ್ಲಿಲ್ಲ ಅಂತಾಳೆ ಅವ್ವ.”

ಅತ್ತಿಗೆ ಬಂದಳು, ಅವನತ್ತ ನೋಡದೆ ದೋಣಿ ಹತ್ತಿದಳು. ಅಲುಸ್ ಹುಟ್ಟು ಹಾಕಿದಳು; ಹುಟ್ಟಿನ ಸದ್ದು ಮಂಜಿನೊಳಗೆ ಕರಗತೊಡಗಿತು. ಇನ್ನು ಹಳೆಯ ಮಾತನ್ನು ತಾನು ಯಾರೊಡನೆ ಆಡುವುದು? ನದಿಯ ಮೊಸಳೆಗಳ ನೆನಪೂ ಇಲ್ಲದೆ ವೈಂಬೊ ಮೊಣಕಾಲುದ್ದ ನೀರಿಗಿಳಿದ.

“ಙಾಲಿ!” ಎಂದು ಕೂಗಿದ. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಆ ಮೂಗಿನ ಸದ್ದಿಗೆ ಕಿಸಕ್ಕನೆ ನಕ್ಕರು. ಅವನು ಹಳೆಯ ಮಾತಿನಲ್ಲೇ ಮುಂದುವರಿಸಿದ: “ತಪ್ಪಾಯ್ತು ಅತ್ತಿಗೆ! ಹಂದಿ ಜೊತೆ ನಾನೇ ಬರ್ಬೇಕಿತ್ತು!”

ಹುಟ್ಟಿನ ಸದ್ದು ನಿಂತಿತು. ಮಂಜಿನಲ್ಲಿ ಬರೀ ನೀರಿನ ಗುಳುಗುಳು.

“ಬಡಕಲು ಹಂದಿ ಅದು, ಮೈದುನ!” ಮೂಗಿನ ದನಿಯೊಂದು ತೇಲಿ ಬಂತು. “ಮೂಳೆ ಚೀಪಿ ಹಲ್ಲು ಹೋಯ್ತು!”

“ಇನ್ನೊಂದ್ ಕೊಡ್ತೀನಿ! ನಾನೇ ಹೊತ್ಕೊಂಡ್ ಬರ್ತೀನಿ!”

“ನಿನ್ ಬೆನ್ನಿಗೆ ಕೋಳೀನೇ ಭಾರ!”

ಮಂಜು ಸೀಳಿಕೊಂಡು ದೋಣಿಯ ಮೂತಿ ದಡದತ್ತ ಬಂತು. ಅಲುಸ್ ಗೊಣಗುತ್ತಿದ್ದಳು. ಅತ್ತಿಗೆ ಚಾಪೆಯನ್ನು ವೈಂಬೊನ ಎದೆಗೆ ಎಸೆದಳು.

“ಹಿಡಿ. ಜೌಗಿನ ಸಾಗು ಮರ ಮುಗಿಯೋವರ್ಗೂ ಅಷ್ಟೇ ನಾನಿಲ್ಲಿ ಇರೋದು.”

ಅವಳ ಹಿಂದೆ, ಕರಗುತ್ತಿದ್ದ ಮಂಜಿನಾಚೆ, ಸಾಗು ಮರಗಳು ಕಣ್ಣು ಹಾಯುವಷ್ಟು ದೂರ ನಿಂತಿದ್ದವು.