ಇಳಿಸುವುದು

"ಇಳಸ್ರಿ ಸರ್, ಕೆಡವಬ್ಯಾಡ್ರಿ!" ಇನಾಯತ ಮತ್ತೆ ಕೂಗಿದ.

ಧೀರೇಂದ್ರ ಹಲ್ಲು ಕಚ್ಚಿದ. ಕೈಯಲ್ಲಿದ್ದದ್ದು ಬರೀ ಮೂರು ಕಿಲೋದ ಡಂಬೆಲ್. ನಲವತ್ತೆಂಟರ ಸಂಸ್ಕೃತ ಉಪನ್ಯಾಸಕ, ತನ್ನ ಹಳೆಯ ವಿದ್ಯಾರ್ಥಿ ಇನಾಯತನ ಜಿಮ್ಮಿನಲ್ಲಿ, ಒಂದರಿಂದ ಐದು ಎಣಿಸುತ್ತ ಅದನ್ನು ಇಳಿಸಬೇಕು. ಏಳು ತಿಂಗಳಿಂದ ಇದೇ ಶಿಕ್ಷೆ.

"ತೋಳು ದಪ್ಪಾಗೇದಲ್ಲೋ. ಐದು ಕಿಲೋ ಕೊಡು."

"ಮಾಂಸ ಜಲ್ದಿ ಬರ್ತೈತ್ರಿ. ನರ ತಡಾ ಮಾಡ್ತಾವ. ಅವಸರ ಮಾಡಿದ್ರ ಮತ್ತ ಹರಿತಾವ."

"ಅದು ನರ ಅಲ್ಲಪಾ, ಸ್ನಾಯು. ಎಲುಬಿಗೆ ಬಿಗಿದ ಹುರಿ. ಪಠ್ಯಪುಸ್ತಕದವರು ಮಾಂಸಕ್ಕ ಆ ಹೆಸರಿಟ್ಟು ಕೆಡಿಸ್ಯಾರ."

"ಹೆಸರು ಏನರ ಇರ್ಲಿ ಸರ್. ಎತ್ತೂದು ಎಲ್ಲಾರೂ ಎತ್ತತಾರ. ನಿಧಾನ ಇಳಸೂದ್ರಾಗ ಅವು ಗಟ್ಟಿ ಆಗೂದು."

ಧೀರೇಂದ್ರನಿಗೆ ಕಪಾಳಕ್ಕೆ ಹೊಡೆದಂತಾಯಿತು. ಇವನಿಗೆ ಯಾರು ಹೇಳಿದರು? ಯಾರೂ ಹೇಳಿರಲಿಲ್ಲ. ಸವಣೂರಿನ ಮಟ್ಟಿಗೆ ಧೀರೇಂದ್ರ ಬಚ್ಚಲಲ್ಲಿ ಜಾರಿ ಭುಜ ಕೆಡಿಸಿಕೊಂಡವನು. ನಡೆದದ್ದು ಬೇರೆ. ಹಾಸಿಗೆ ಹಿಡಿದ ಅವ್ವನನ್ನು ಮಂಚದಿಂದೆತ್ತಿ ಕುರ್ಚಿಗೆ ಇಳಿಸುವಾಗ ಭುಜದೊಳಗೆ ಏನೋ ಹರಿಯಿತು. ಕೈ ಬಿಟ್ಟಿತು. ಅವ್ವ, ಗೋಪಿಕಾಬಾಯಿ, ನೆಲಕ್ಕೆ ಬಿದ್ದಳು. "ಧೀರೂ" ಎಂದಳು, ಅಷ್ಟೇ.

ಅಂದಿನಿಂದ ಅವಳನ್ನು ಎತ್ತಿ ಕೂರಿಸುವವಳು ಕೆಲಸದ ಹೊನ್ನವ್ವ. ಹೊನ್ನವ್ವ ಅಡಿಗೆಮನೆಯ ಹೊಸ್ತಿಲು ಮುಟ್ಟಿದರೂ ಮತ್ತೆ ಮಿಂದು ಮಡಿಯುಡುತ್ತಿದ್ದ ಅವ್ವ ಈಗ ಅವಳ ಕೊರಳಿಗೇ ಜೋತುಬಿದ್ದು ನಗುತ್ತಾಳೆ! ಧೀರೇಂದ್ರ ಜಾತಿ ನೋಡುವವನಲ್ಲ. ಕ್ಲಾಸಿನಲ್ಲಿ ಹಾಗೆಂದು ಆಗಾಗ ಹೇಳುತ್ತಾನೆ. ಆದರೂ ಆ ನಗು ಕೇಳಿದಾಗಲೆಲ್ಲ ಅವನ ಹೊಟ್ಟೆ ಉರಿಯುತ್ತಿತ್ತು.

ಮನೆಗೆ ಬಂದರೆ ಹೊನ್ನವ್ವ ಇರಲಿಲ್ಲ.

"ಶಿಗ್ಗಾಂವಿಗೆ ಹೋಗ್ಯಾಳ, ಮಧ್ಯಾಹ್ನ ಬರ್ತಾಳಂತ," ಎಂದಳು ಹೆಂಡತಿ ಶ್ರೀವಿದ್ಯಾ, ಒಳಗಿನಿಂದಲೇ.

ನಾಚಿಕೆಯಾಗುವಷ್ಟು ಖುಷಿಯಾಯಿತು ಅವನಿಗೆ. ಗಡಬಡಿಸಿ ಸ್ನಾನ ಮಾಡಿದ. ಯಾವ ಕಾಲದಲ್ಲೋ ಬಿಟ್ಟಿದ್ದ ಮಡಿಪಂಚೆಯನ್ನೂ ಹುಡುಕಿ ಉಟ್ಟು ಅವ್ವನ ಕೋಣೆಗೆ ಹೋದ.

"ಏಳವ್ವಾ, ಕುರ್ಚಿಗೆ ಕೂಡಸ್ತೇನಿ."

"ಹೊನ್ನವ್ವ ಬರ್ಲಿ ತಡಿ."

"ಆಕಿ ಬರೂದು ಮಧ್ಯಾಹ್ನ."

"ನನಗೇನು ಅವಸರ ಇಲ್ಲಪಾ. ನಿನ್ನ ಕೈ ನೋಯ್ತದ."

"ಈಗ ನೋಯಂಗಿಲ್ಲ. ಗಟ್ಟಿ ಆಗೇದ."

"ಆಗಿರಬಹುದು," ಎಂದಳು ಅವ್ವ, ಗೋಡೆ ನೋಡುತ್ತ.

ಅವನು ಬಗ್ಗಿದ. ಒಂದು ಕೈ ಬೆನ್ನಡಿಗೆ, ಇನ್ನೊಂದು ಮೊಣಕಾಲಡಿಗೆ. ಭುಜ ಚಕಾರವೆತ್ತಲಿಲ್ಲ. ಆದರೆ ಮೂಳೆ ಚಕ್ಕಳವಾಗಿದ್ದ ಅವ್ವ ಮೇಲೇಳಲೊಲ್ಲಳು. ಅವನು ಇನ್ನಷ್ಟು ಬಲ ಹಾಕಿದ. ಹೊದಿಕೆ ಜಾರಿತು. ಅವ್ವನ ಬಲಗೈ ಮಂಚದ ಕಬ್ಬಿಣದ ಪಟ್ಟಿಯನ್ನು ಹಿಡಿದಿತ್ತು. ಅಂಗೈ ಹಿಂಬದಿ, ಸುಕ್ಕು ಚರ್ಮದಡಿ, ನಾಲ್ಕೂ ಬೆರಳ ಹುರಿ ಸೆಟೆದು ನಿಂತಿದ್ದವು.

"ಬಿಡವ್ವಾ."

ಅವಳು ಬಿಡಲಿಲ್ಲ.

"ಬಿಡಂದ್ರ!"

ಕಣ್ಣು ಮುಚ್ಚಿಕೊಂಡಳು.

ಅವನಿಗೂ ಹಟ ಬಂತು. ಎತ್ತಿದ. ಅವ್ವನ ಜೊತೆಗೆ ಮಂಚದ ಒಂದು ಕಾಲೂ ನೆಲ ಬಿಟ್ಟು ಮೇಲೆದ್ದಿತು.